ನಾಲ್ಕನೇ ಮನೆಯಿಂದ ಕೆಳಕ್ಕೆ

ಮಾಮಾನ ದನಿ ಯಾವಾಗಿನಿಂದ ಇಳಿಯತೊಡಗಿತು ಎಂಬುದನ್ನು ತಿಂಗಳು ಹಿಡಿದು ಹೇಳಬಲ್ಲವನು ನಾನೊಬ್ಬನೇ ಎಂದು ನಮ್ಮ ಮೇಳದಲ್ಲಿ ಎಲ್ಲರೂ ನಂಬಿದ್ದಾರೆ. ಅದಕ್ಕೆ ಕಾರಣವೂ ಇದೆ. ಅವನ ಎಡಕ್ಕೆ ಗಿಟಾರ್ ಹಿಡಿದು ಕೂರುವವನು ನಾನು. ಅವನ ಸುರ ಎಲ್ಲಿದೆ ಎಂದು ನೋಡಿಕೊಂಡು ಸಾಮಾನು ಕಟ್ಟುವವನೂ ನಾನೇ. ಮೇಲಾಗಿ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು; ಯಾರು ಏನು ಹೇಳಿದರೂ ಆಧಾರ ಏನು ಎಂದು ಕೇಳಿ ಮನೆಯಲ್ಲಿ ಬೈಸಿಕೊಳ್ಳುವವನು. ಇಂಥವನ ಹತ್ತಿರ ಲೆಕ್ಕ ಇಲ್ಲದೆ ಇದ್ದೀತೇ?

ಇಲ್ಲ. ಇರುವುದು ಫೋನಿನಲ್ಲಿ ಒಂದು ಯಾದಿ ಮಾತ್ರ. ಕಾರ್ಯಕ್ರಮದ ದಿನ ಮುಂಜಾನೆ ಅದನ್ನು ತೆರೆದು ಒಂದೊಂದೇ ಸಾಮಾನಿಗೆ ಗುರುತು ಹಾಕುತ್ತ ಚೀಲಕ್ಕೆ ಇಳಿಸುತ್ತೇನೆ. ಗಿಟಾರ್, ಬೆಲ್ಟು, ಕೇಬಲ್ ಎರಡು, ತಂತಿಯ ದನಿ ಹಿಡಿಯುವ ಪಿಕಪ್ಪಿಗೆ ಹಾಕುವ ಚೌಕ ಬ್ಯಾಟರಿ ಎರಡು, ಟ್ಯೂನರ್, ಒಂದು ಜೊತೆ ಹೆಚ್ಚಿನ ತಂತಿ, ತಂತಿ ಕತ್ತರಿಸುವ ಇಕ್ಕಳ, ಕರಿ ಟೇಪು, ಕೇಪೊ. ಮರುದಿನ ಗುರುತುಗಳನ್ನೆಲ್ಲ ಅಳಿಸಿ ಅದೇ ಯಾದಿಯನ್ನು ಮುಂದಿನ ಊರಿಗೆ ಇಟ್ಟುಕೊಳ್ಳುತ್ತೇನೆ. ಹಾಗಾಗಿ ಯಾವ ಊರಿಗೆ ಏನು ಒಯ್ದೆ, ಅಲ್ಲಿ ಅದನ್ನು ಹೇಗೆ ಬಳಸಿದೆ ಎಂಬುದು ಎಲ್ಲಿಯೂ ಉಳಿದಿಲ್ಲ. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದ್ದರೆ ತರಗತಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದೆ.

ಯಾದಿ ಮಾಡಿಕೊಂಡದ್ದು ಚಿತ್ತಾಪುರದಲ್ಲಿ ಆದ ಒಂದು ಫಜೀತಿಯ ನಂತರ. ಅಲ್ಲಿನ ಒಂದು ಕಾರ್ಯಕ್ರಮಕ್ಕೆ ಕೇಬಲ್ ಬಿಟ್ಟು ಹೋಗಿದ್ದೆ. ಕೇಬಲನ್ನು ಸುತ್ತಿ, ರಬ್ಬರ್ ಹಾಕಿ, ಚೀಲದ ಹೊರಗಿನ ಜೇಬಿಗೆ ತುರುಕಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಸೌಂಡಿನವನೇ ಕದ್ದಿದ್ದಾನೆ ಎಂದು ಅವನ ಜೊತೆ ಜಗಳವನ್ನೂ ಆಡಿದೆ. ಮನೆಗೆ ಬಂದು ನೋಡಿದರೆ ಕೇಬಲ್ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ನನಗೆ ನೆನಪಿದ್ದದ್ದು ಬೇರೆ ಯಾವುದೋ ದಿನ ಸುತ್ತಿದ್ದು. ಅಂದಿನಿಂದ ಮಸುಕು ನೆನಪಿಗಿಂತ ಸ್ಪಷ್ಟವಾದ ನೆನಪಿನ ಮೇಲೆಯೇ ನನಗೆ ಹೆಚ್ಚು ಅನುಮಾನ.

ಮಾಮಾ ನನ್ನ ತಾಯಿಯ ಕಿರಿಯ ತಮ್ಮ, ನನಗಿಂತ ಹನ್ನೊಂದು ವರ್ಷ ದೊಡ್ಡವನು. ಭಂಕೂರಿನ ಒಂದು ಕಲ್ಲಿನ ಪಾಲಿಶ್ ಮಷೀನಿನಲ್ಲಿ ಕೆಲಸ. ದಿನವಿಡೀ ಕಲ್ಲಿನ ಧೂಳಿನಲ್ಲಿ ನಿಂತು, ಬಾಯಲ್ಲಿ ಸುಣ್ಣ ತಿಕ್ಕಿದ ತಂಬಾಕು ಇಟ್ಟುಕೊಂಡು, ಸಂಜೆ ಹಾಡಲು ಕೂತನೆಂದರೆ ಮೈಕು ಇಲ್ಲದೆಯೂ ಓಣಿಯ ಕೊನೆಗೆ ಕೇಳುತ್ತಿತ್ತು. ನಮ್ಮ ಮೇಳದಲ್ಲಿ ನಾಲ್ವರು. ಮಾಮಾನ ಹಾಡು, ನಿವೃತ್ತ ಮಾಸ್ತರರೊಬ್ಬರ ಪೇಟಿ ಅಂದರೆ ಹಾರ್ಮೋನಿಯಂ, ಟಂಟಂ ಆಟೊ ಓಡಿಸುವ ಗೆಳೆಯನೊಬ್ಬನ ಢೋಲಕ್, ನನ್ನ ಗಿಟಾರ್. ಏಪ್ರಿಲ್ ಬಂತೆಂದರೆ ಜಯಂತಿಯ ಕಾರ್ಯಕ್ರಮಗಳು ಒಂದರ ಹಿಂದೆ ಒಂದು. ಉಳಿದ ತಿಂಗಳುಗಳಲ್ಲಿ ಮದುವೆ, ಗೃಹಪ್ರವೇಶ, ಹುಣ್ಣಿಮೆಯ ದಿನ ಬೌದ್ಧ ವಿಹಾರಗಳಲ್ಲಿ ಹಾಡು. ಶಹಾಬಾದಿನಿಂದ ಟಂಟಂ ಹೋಗುವಷ್ಟು ದೂರ ನಮ್ಮ ಹೆಸರು ಇತ್ತು.

ಗಿಟಾರ್ ಯಾಕೆ ಬೇಕಿತ್ತು ಎಂದು ಕೇಳಬಹುದು. ಮೊದಲ ದಿನಗಳಲ್ಲಿ ಮಾಸ್ತರರೂ ಕೇಳಿದ್ದರು. ನನಗೂ ಉತ್ತರ ತಿಳಿದಿರಲಿಲ್ಲ. ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಇನ್ನೊಂದರಲ್ಲಿ ಅರ್ಧ ವರ್ಷ, ಮತ್ತೊಂದು ಪರೀಕ್ಷೆಗೆ ತಯಾರಿ, ಹೀಗೆ ಎಲ್ಲಿಯೂ ಕಾಲು ನಿಲ್ಲದವನಿಗೆ ಮಾಮಾನ ಪಕ್ಕದ ಆ ಜಾಗ ಒಂದೇ ಸ್ಥಿರವಾಗಿತ್ತು. ಆ ಜಾಗಕ್ಕೆ ತಕ್ಕವನಾಗಬೇಕೆಂದು ಸಾಮಾನು ಕೂಡಿಹಾಕಿದೆ. ಗಿಟಾರಿನ ನಾದ ಬದಲಿಸಲು ಕಾಲಿನಿಂದ ಒತ್ತುವ ಪೆಡಲುಗಳು ಮೂರು, ಒಂದು ಸಣ್ಣ ಆಂಪ್ಲಿಫೈಯರ್, ಅವಕ್ಕೆಲ್ಲ ಒಂದು ಹಲಗೆ. ಸೇಡಂ ಕಡೆಯ ಒಂದು ಮದುವೆಯಲ್ಲಿ ಅಷ್ಟನ್ನೂ ಜೋಡಿಸಿ ಮುಗಿಸುವಷ್ಟರಲ್ಲಿ ಅಕ್ಷತೆ ಬಿದ್ದು ಜನ ಊಟಕ್ಕೆ ಎದ್ದಿದ್ದರು.

“ಕಂಪೌಂಡರ್ ಬಂದ್ರಪಾ, ಎಲ್ಲಾರೂ ತೋಳು ತೋರಸ್ರಿ,” ಎಂದು ಢೋಲಕ್‌ನವನು ನನ್ನ ಚೀಲ ಕಂಡಾಗೆಲ್ಲ ಕೂಗುತ್ತಿದ್ದ.

“ಇಷ್ಟೆಲ್ಲಾ ಡಬ್ಬಿ ಒತ್ತಿ ಕಡೀಕೆ ಬರೋ ಆವಾಜ್ ಯಾವುದೋ ಅಳಿಯಾ?” ಎಂದು ಮಾಮಾ.

“ಗುಂಯ್ ಅಂತದಲ್ಲ, ಅದೇ,” ಎಂದು ಢೋಲಕ್‌ನವನೇ ಉತ್ತರ ಕೊಡುತ್ತಿದ್ದ.

ಅವನು ಹೇಳಿದ್ದು ಸುಳ್ಳಲ್ಲ. ನಾವು ಹಾಡುವ ಕಡೆ ಕರೆಂಟು ಬರುವುದು ಯಾರದೋ ಮನೆಯ ಕಿಟಕಿಯಿಂದ ಎಳೆದ ವೈರಿನಲ್ಲಿ. ಅರ್ಥಿಂಗ್ ಇರುವುದಿಲ್ಲ. ಪ್ರತಿ ಪೆಡಲೂ ಒಂದೊಂದು ಗುಂಯ್ ಸೇರಿಸುತ್ತದೆ. ಒಂದೊಂದಾಗಿ ಬಿಡುತ್ತ ಬಂದೆ. ಕೆಟ್ಟದ್ದು, ಗುಂಯ್ಗುಡುವುದು, ವಾಡಿಯ ಸಿಮೆಂಟಿನ ಧೂಳಿಗೆ ಗುಂಡಿ ಹಿಡಿದುಕೊಳ್ಳುವುದು ಎಲ್ಲ ಮನೆಯಲ್ಲಿ ಉಳಿಯಿತು. ಬೇಸಿಗೆಯಲ್ಲಿ ಗಿಟಾರಿನ ಅಂಟು ಬಿಡಬಾರದೆಂದು ಪೆಟ್ಟಿಗೆಯ ಮೇಲೆ ಅವ್ವನ ಹಳೆಯ ಕೌದಿಯೊಂದನ್ನು ಸುತ್ತತೊಡಗಿದೆ. ಕೊನೆಗೆ ಚೀಲದಲ್ಲಿ ಉಳಿದದ್ದು ಯಾದಿಯಲ್ಲಿರುವ ಆ ಒಂಬತ್ತು ಸಾಮಾನು. ಅದರಲ್ಲಿ ಕೊನೆಯದು ಕೇಪೊ.

ಗಿಟಾರ್ ತಿಳಿಯದವರಿಗೆ ಹೇಳುತ್ತೇನೆ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಲೋಹದ ಗೆರೆಗಳಿವೆ. ಎರಡು ಗೆರೆಗಳ ನಡುವಿನ ಜಾಗ ಒಂದು ಮನೆ. ಕೇಪೊ ಎಂಬುದು ಬಟ್ಟೆ ಒಣಹಾಕುವ ಚಿಮಟಿಗೆಯಂಥ ಒಂದು ಹಿಡಿಕೆ. ಅದನ್ನು ಯಾವ ಮನೆಯಲ್ಲಿ ಕಚ್ಚಿಸುತ್ತೇವೋ ಆರೂ ತಂತಿಗಳು ಅಲ್ಲಿಂದ ಶುರುವಾಗುತ್ತವೆ. ಮೇಲಿನ ಮನೆಗೆ ಹೋದಷ್ಟೂ ಸುರ ಏರುತ್ತದೆ, ಕೆಳಗೆ ಬಂದಷ್ಟೂ ಇಳಿಯುತ್ತದೆ. ಬೆರಳುಗಳು ಹಿಡಿಯುವ ರೀತಿ ಮಾತ್ರ ಬದಲಾಗುವುದಿಲ್ಲ. ಮಾಮಾನ ಸುರ ಪೇಟಿಯಲ್ಲಿ ಮೂರನೇ ಬಿಳಿ ಪಟ್ಟಿ. ನಮ್ಮ ಕಡೆ ಅದನ್ನು ಪಾಂಢ್ರಿ ಮೂರು ಎನ್ನುತ್ತಾರೆ. ಅದಕ್ಕೆ ನನ್ನ ಕೇಪೊ ನಾಲ್ಕನೇ ಮನೆಯಲ್ಲಿ. ಎಷ್ಟೋ ವರ್ಷ ಅದು ಅಲ್ಲಿಂದ ಅಲುಗಿರಲಿಲ್ಲ.

ಮೊದಲು ಅಲುಗಿದ್ದು ವಾಡಿಯಲ್ಲಿ ಎಂದು ನನ್ನ ನೆನಪು. ಒಂದು ಗೃಹಪ್ರವೇಶ. ಹೊಸ ಮನೆಯ ಮುಂದೆ ಶಾಮಿಯಾನ, ಹಿಂದೆ ಗೂಡ್ಸ್ ರೈಲು ಹಾದಾಗೆಲ್ಲ ಹಾಡು ನಿಲ್ಲಿಸಿ ಕೂರಬೇಕು. ಮೂರನೆಯ ಹಾಡಿನ ಏರಿನಲ್ಲಿ ಮಾಮಾನ ದನಿ ಒಡೆಯಿತು. ಅವನು ಕೆಮ್ಮಿ ನಕ್ಕ. ಚಹಾ ಬಂತು. ಎಲ್ಲರೂ ಎದ್ದಾಗ ಮಾಸ್ತರರು ಪೇಟಿಯ ಮೇಲೆ ಬಾಗಿ ಏನನ್ನೋ ಜರುಗಿಸಿ ನನ್ನ ಹತ್ತಿರ ಬಂದರು.

“ಒಂದು ಇಳಿಸೀನಿ. ನೀ ಮೂರನೇ ಮನಿಗೆ ಬಾ.”

“ಮಾಮಾಗ ಹೇಳಿರೇನ್ರಿ?”

“ಏನ್ ಹೇಳೋದು? ಹಾಡವಗ ಸುರ ಇಳಿಸೀನಿ ಅಂದ್ರ ಇದ್ದ ಆವಾಜೂ ಕುಂದರ್ತದ. ಥಂಡಿ ಹಿಡದದ, ನಾಕ್ ದಿನಾ ಆದ್ಮ್ಯಾಲ ಮತ್ತ ಏರಸಮು. ಬಾಯಿ ಮುಚ್ಕೊಂಡು ಬಾರ್ಸು.”

ಮಾಸ್ತರರ ಪೇಟಿ ಸ್ಕೇಲ್ ಚೇಂಜರ್. ಅದರಲ್ಲಿ ಪಟ್ಟಿಗಳ ಸಾಲನ್ನೇ ಆಚೀಚೆ ಜರುಗಿಸಬಹುದು. ಒಂದು ಹೆಜ್ಜೆ ಜರುಗಿಸಿದರೆ ಒತ್ತುವುದು ಅದೇ ಪಾಂಢ್ರಿ ಮೂರನ್ನು, ಹೊರಡುವುದು ಅದಕ್ಕಿಂತ ಕೆಳಗಿನ ಸುರ. ಹಾಡುವವನು ಬಗ್ಗಿ ನೋಡಿದರೂ ಬೆರಳುಗಳು ಇದ್ದಲ್ಲಿಯೇ ಇರುತ್ತವೆ. ನಮ್ಮಲ್ಲಿ ಒಂದು ರೂಢಿಯಿದೆ: ವಾದ್ಯದವರು ಹಾಡುವವನಿಗೆ ಹೊಂದಿಕೊಳ್ಳಬೇಕು, ಅವನನ್ನು ಏನೂ ಕೇಳಬಾರದು. ಅದು ಮರ್ಯಾದೆ. ನಾನು ಕೇಪೊ ಬಿಚ್ಚಿ ಮೂರನೇ ಮನೆಗೆ ಕಚ್ಚಿಸಿದೆ.

ಚಹಾ ಆದ ಮೇಲೆ ಮಾಮಾ ಭಾರಿ ಹಾಡಿದ. ಜನ ಎದ್ದು ಬಂದು ಅವನ ಜೇಬಿಗೆ ನೋಟು ಸಿಕ್ಕಿಸಿದರು. ಅವನು ನನ್ನ ಕಡೆ ತಿರುಗಿ, “ನೋಡ್ದಿ? ಬಿಸಿ ಚಹಾ ಬಿತ್ತು ನೋಡು, ಹ್ಯಾಂಗ್ ಬಿಚ್ಕೊಂತು ಗಂಟಲಾ,” ಎಂದ. ನಾನು ಹೌದು ಎಂದು ತಲೆಯಾಡಿಸಿದೆ. ನಾಲ್ಕು ದಿನಗಳ ಮಾತು ಎಂದು ನಾನೂ ನಂಬಿದ್ದೆ. ಆಧಾರ ಏನು ಎಂದು ಅವತ್ತು ನಾನು ಕೇಳಲಿಲ್ಲ.

ಮತ್ತೆ ಏರಿಸಲಿಲ್ಲ.

ಇದರ ನಂತರದ್ದು ನನ್ನ ತಲೆಯಲ್ಲಿ ಸರಿಯಾಗಿ ಸಾಲುಗೂಡುವುದಿಲ್ಲ. ಚಿತ್ತಾಪುರದ ಒಂದು ಸಭಾಂಗಣದಲ್ಲಿ ಕೇಪೊ ಎರಡನೇ ಮನೆಯಲ್ಲಿತ್ತು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು ಲೋಹ ಬೆರಳಿಗೆ ಸುಡುತ್ತಿದ್ದದ್ದು ನೆನಪಿದೆ, ಅಂದರೆ ಬೇಸಿಗೆ. ಸೇಡಮ್ಮಿನ ಒಂದು ಮದುವೆಯಲ್ಲಿ ಅದು ಮೂರನೇ ಮನೆಯಲ್ಲಿತ್ತು, ಮಳೆ ಬಂದು ಮೈಕಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಆ ಮಳೆ ಬೇಸಿಗೆಗಿಂತ ಮುಂಚಿನದೋ ನಂತರದ್ದೋ? ನಂತರದ್ದಾದರೆ ಮಾಮಾನ ದನಿ ಒಮ್ಮೆ ಇಳಿದು, ಮತ್ತೆ ಏರಿ, ಮತ್ತೆ ಇಳಿದಿರಬೇಕು. ಹಾಗೆ ಆಗುತ್ತದೆಯೇ? ಅಥವಾ ಸೇಡಮ್ಮಿನದು ವಾಡಿಗಿಂತಲೂ ಮೊದಲಿನದಾಗಿದ್ದು, ನಾಲ್ಕನೇ ಮನೆಯಲ್ಲಿದ್ದ ಕೇಪೊವನ್ನು ನಾನು ಈಗ ಮೂರರಲ್ಲಿ ಕಾಣುತ್ತಿದ್ದೇನೆಯೇ? ಎರಡನ್ನೂ ಅಷ್ಟೇ ನಿಚ್ಚಳವಾಗಿ ಕಾಣುತ್ತೇನೆ. ಮೊಳೆಗೆ ತೂಗುತ್ತಿದ್ದ ಕೇಬಲನ್ನೂ ಹಾಗೆಯೇ ಚೀಲದಲ್ಲಿ ಕಂಡಿದ್ದೆ.

ಗಟ್ಟಿಯಾಗಿ ನೆನಪಿರುವುದು ಅತ್ತಿ ಕೇಳಿದ ಮಾತು, ಯಾಕೆಂದರೆ ಅದಕ್ಕೆ ಅತ್ತಿಯೂ ಸಾಕ್ಷಿ. ಅತ್ತಿ ಎಂದರೆ ಮಾಮಾನ ಹೆಂಡತಿ. ಒಂದು ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಮಾಮಾ ಕೈತೊಳೆಯಲು ಹೊರಗೆ ಹೋದಾಗ ಅವಳು ರೊಟ್ಟಿ ಹಾಕುವ ನೆಪದಲ್ಲಿ ಹತ್ತಿರ ಬಂದಳು.

“ನಿಮ್ಮ ಮಾಮಾ ಮನ್ಯಾಗ ಮಾತಾಡೋದೇ ಬಿಟ್ಟಾರ. ಕೈ ಮಾಡಿ ತೋರಸ್ತಾರ, ನೀರು ಕೊಡು, ಚಾದರ ಕೊಡು. ಆವಾಜ್ ಪ್ರೋಗ್ರಾಮಿಗಿ ಉಳಿಸ್ಕೊಳ್ಳಿಕತ್ತೀನಿ ಅಂತಾರ. ನೀ ಬಾಜೂಕ ಕುಂದರವ. ನಿನಗೇನರ ಫರಕ್ ಅನಸ್ತದೇನಪಾ?”

“ಸ್ಟೇಜಿನ ಮ್ಯಾಲ ಸುರ ಬಿಟ್ಟಿಲ್ಲ ಅತ್ತಿ,” ಎಂದೆ.

ಅದು ಸತ್ಯ. ನಾವು ಎಲ್ಲಿ ಇಟ್ಟಿದ್ದೆವೋ ಅಲ್ಲಿ ಅವನು ಸುರ ಬಿಟ್ಟಿರಲಿಲ್ಲ. ಅವಳು ನಿಟ್ಟುಸಿರು ಬಿಟ್ಟು, “ನೀ ಓದಿದಂವ ಹೇಳ್ತಿ ಅಂದ್ರ ಖರೇ ಇರಬೇಕು,” ಎಂದು ಇನ್ನೊಂದು ರೊಟ್ಟಿ ಹಾಕಿದಳು. ನಾನು ತಿಂದೆ. ಹೇಳಿಬಿಡಬೇಕು ಎಂದು ಆಮೇಲೆ ಎಷ್ಟೋ ಸಲ ಹೊರಟಿದ್ದೇನೆ. ಹೇಳಿದರೆ ಮೊದಲು ಮಾಸ್ತರರ ಮಾತು ಮುರಿಯಬೇಕು, ಆಮೇಲೆ ನಾನೂ ಇಷ್ಟು ದಿನ ಸುಮ್ಮನಿದ್ದೆ ಎಂದು ಒಪ್ಪಬೇಕು. ಮುಂದೂಡಿದ ಪ್ರತಿ ತಿಂಗಳೂ ಒಪ್ಪಬೇಕಾದದ್ದು ಇನ್ನಷ್ಟು ಬೆಳೆಯುತ್ತಿತ್ತು.

ಶಹಾಬಾದಿನ ನಮ್ಮದೇ ಓಣಿಯ ಕಾರ್ಯಕ್ರಮಕ್ಕೆ ಹೋಗುವಾಗ ಸುರ ನಾಲ್ಕು ಮನೆಯಷ್ಟೂ ಇಳಿದು ಕೇಪೊ ಹಾಕುವ ಅಗತ್ಯವೇ ಉಳಿದಿರಲಿಲ್ಲ. ಅದನ್ನು ಚೀಲದಲ್ಲಿಯೇ ಬಿಟ್ಟೆ. ಮಾಮಾ ನೋಡಿ, “ಎಲ್ಲಿ ಅಳಿಯಾ ನಿನ್ನ ಚಿಮಟಿಗಿ? ಮತ್ತ ಮರ್ತು ಬಂದ್ಯಾ?” ಎಂದು ಚೇಷ್ಟೆ ಮಾಡಿದ. “ಮರ್ತೆ ಮಾಮಾ,” ಎಂದೆ. ನನ್ನ ಮರೆವು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಅನುಮಾನಿಸಲಿಲ್ಲ.

ಅಲ್ಲಿಂದ ಕೆಳಗೆ ಗಿಟಾರಿನಲ್ಲಿ ಮನೆಗಳಿಲ್ಲ. ಇನ್ನೂ ಇಳಿಯಬೇಕಾದರೆ ತಂತಿಗಳನ್ನೇ ಸಡಿಲ ಮಾಡಬೇಕು. ಮಾಡಿ ನೋಡಿದೆ. ತೆಳು ತಂತಿ ಸಡಿಲಾದರೆ ಲೋಹದ ಗೆರೆಗೆ ಬಡಿದು ಗರಗರ ಎನ್ನುತ್ತದೆ. ಕಲಬುರಗಿಗೆ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಇದ್ದುದರಲ್ಲಿ ಎಲ್ಲಕ್ಕಿಂತ ದಪ್ಪನೆಯ ತಂತಿ ಕೇಳಿದೆ.

“ಯಾರಿಗ್ರಿ ಇಷ್ಟ್ ದಪ್ಪಂದು? ಬಟ್ಟು ಹರಕೊಂಡು ಹೋಗ್ತಾವ,” ಎಂದ ಅಂಗಡಿಯವನು.

“ಕೆಳಗಿನ ಸುರದಾಗ ಬಾರಸೋದದ.”

“ಹಾಡವ್ರು ಹೆಂಗಸ್ರೋ ಗಂಡಸ್ರೋ?”

ದುಡ್ಡು ಎಣಿಸಿಕೊಟ್ಟು ಪೊಟ್ಟಣ ತೆಗೆದುಕೊಂಡು ಬಂದೆ.

ಎರಡು ದಿನ ಅದರಲ್ಲೇ ಮುಳುಗಿದೆ. ದಪ್ಪ ತಂತಿ ಕೂರಲು ಕತ್ತಿನ ತುದಿಯ ಕಚ್ಚುಗಳನ್ನು ಅರದಿಂದ ಸ್ವಲ್ಪಸ್ವಲ್ಪವೇ ಅಗಲ ಮಾಡಿದೆ. ಕತ್ತು ಬಾಗದಂತೆ ಒಳಗಿನ ಸಲಾಕೆ ತಿರುಗಿಸಿದೆ. ತಂತಿ ಹಾಕಿ, ಎಳೆದು, ಶ್ರುತಿ ಮಾಡಿ, ಮತ್ತೆ ಎಳೆದೆ. ಮೂರು ಹೆಜ್ಜೆ ಇಳಿಸಿದರೂ ಗರಗರ ಇಲ್ಲ, ತುಂಬಿದ ನಾದ. ನನಗೆ ಸಂತೋಷವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಇಷ್ಟು ವರ್ಷಗಳಲ್ಲಿ ಒಂದು ಕಾರ್ಯಕ್ರಮಕ್ಕೆ ನಾನು ಇಷ್ಟು ಸರಿಯಾಗಿ ಸಾಮಾನು ಸಿದ್ಧ ಮಾಡಿದ್ದೇ ಇಲ್ಲ. ಯಾದಿಯಲ್ಲಿ ಒಂಬತ್ತಕ್ಕೆ ಒಂಬತ್ತೂ ಗುರುತು ಬಿದ್ದವು. ಯಾರ ಗಂಟಲಿಗಾಗಿ ಈ ಕೆಲಸ ಎಂಬುದು ಆ ಎರಡು ದಿನ ನನ್ನ ತಲೆಗೆ ಬರಲೇ ಇಲ್ಲ.

ಕಾರ್ಯಕ್ರಮ ಇದ್ದದ್ದು ಚಿಂಚೋಳಿಯ ಆಚೆ ಒಂದು ಹಳ್ಳಿಯಲ್ಲಿ, ಹೊಸ ವಿಹಾರದ ಉದ್ಘಾಟನೆ. ಬೆಳಿಗ್ಗೆ ಟಂಟಂನಲ್ಲಿ ಹೊರಟೆವು. ಪೇಟಿ ಮಾಸ್ತರರ ತೊಡೆಯ ಮೇಲೆ, ಗಿಟಾರ್ ನನ್ನ ಕಾಲ ನಡುವೆ, ಢೋಲಕ್ ಹಿಂದೆ ಹಗ್ಗಕ್ಕೆ. ಮಾಮಾ ಮುಂದೆ ಕೂತಿದ್ದ. ದಾರಿಯುದ್ದಕ್ಕೂ ಜ್ಯೇಷ್ಠಮಧು ಕಡ್ಡಿ ಜಗಿಯುತ್ತಿದ್ದ, ಒಂದು ಮಾತೂ ಆಡಲಿಲ್ಲ.

“ಇವತ್ತ ಮಾಮಾ ಮೌನವ್ರತ,” ಎಂದ ಢೋಲಕ್‌ನವನು. “ಚಿಂಚೋಳ್ಯಾಗ ಕಟ್ಟಿ ಒಡೀತದ ನೋಡ್ರಿ.”

ಮಾಸ್ತರರು ಪೇಟಿಯನ್ನು ತೊಡೆಯ ಮೇಲೆ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ಅಲ್ಲಿ ಭಿಕ್ಷು ಭಂತೇಜಿಗಳ ತ್ರಿಶರಣ ಪಠಣ ಮುಗಿದ ಮೇಲೆ ನಮ್ಮನ್ನು ಕರೆದರು. ಮಧ್ಯಾಹ್ನ. ಹೆಂಗಸರು ಬಿಳಿ ಸೀರೆಯಲ್ಲಿ ಮುಂದೆ ಕೂತಿದ್ದರು. ನಾನು ತಂತಿಗಳನ್ನು ಎರಡು ಹೆಜ್ಜೆ ಇಳಿಸಿಟ್ಟುಕೊಂಡು ಮಾಸ್ತರರ ಮುಖ ನೋಡಿದೆ. ಅವರು ಪೇಟಿಯ ಬದಿಗೆ ಕೈ ಹಾಕಿ ತಳ್ಳಿದರು. ಅದು ಜರುಗಲಿಲ್ಲ. ಮತ್ತೆ ತಳ್ಳಿ ನನ್ನ ಕಡೆ ಬಾಗಿದರು.

“ಮುಗೀತು. ಇದರ ಕೆಳಗ ಜಾಗಾ ಇಲ್ಲ.”

“ನಂದು ಇನ್ನೂ ಒಂದು ಇಳೀತದ್ರಿ.”

“ನಿಂದು ಇಳದು ಏನ್ ಮಾಡ್ತಿ?” ಎಂದರು.

ಮೊದಲ ಹಾಡು ಹೇಗೋ ದಾಟಿತು. ಎರಡನೆಯದರಲ್ಲಿ ಪಲ್ಲವಿ ಮುಗಿದು ಚರಣ ಎತ್ತುವಾಗ ಮಾಮಾನ ಬಾಯಿಂದ ಗಾಳಿ ಮಾತ್ರ ಬಂತು. ಅವನು ಮೈಕನ್ನು ಬೆರಳಿನಿಂದ ತಟ್ಟಿದ. ಸೌಂಡಿನವನು ಓಡಿಬಂದು ಮೈಕು ಬದಲಿಸಿದ. ಮತ್ತೆ ಎತ್ತಿದ, ಮತ್ತೆ ಗಾಳಿ. ಆಗ ಅವನು ಕತ್ತು ತಿರುಗಿಸಿ ಮಾಸ್ತರರ ಬೆರಳುಗಳನ್ನು ನೋಡಿದ. ಅವು ಪಾಂಢ್ರಿ ಮೂರರ ಮೇಲೇ ಇದ್ದವು. ಆಮೇಲೆ ನನ್ನ ಕೈ ನೋಡಿದ. ನಾನು ತಲೆ ತಗ್ಗಿಸಿ ಬಾರಿಸುತ್ತ ಹೋದೆ, ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಮುಂದೆ ಕೂತಿದ್ದ ಹೆಂಗಸರಿಗೆ ಆ ಹಾಡು ಬರುತ್ತಿತ್ತು. ಒಬ್ಬಳು ಎತ್ತಿದಳು, ಉಳಿದವರು ಸೇರಿದರು. ಅವರು ತಮ್ಮ ಏರಿದ ಸುರದಲ್ಲಿ, ನಾವು ನಮ್ಮ ಇಳಿದ ಸುರದಲ್ಲಿ. ಎರಡೂ ಕೂಡಲಿಲ್ಲ. ಮಾಸ್ತರರು ಪೇಟಿಯ ಗಾಳಿ ಬಿಟ್ಟರು, ನಾನೂ ನಿಲ್ಲಿಸಿದೆ. ಢೋಲಕ್ ಒಂದರ ಮೇಲೆ ಹೆಂಗಸರೇ ಹಾಡು ಮುಗಿಸಿದರು. ಮಾಮಾ ಕೈ ಮುಗಿದು ಕೂತಿದ್ದ.

ವಾಪಸು ಬರುವಾಗ ಮಾಮಾ ಹಿಂದೆ ನಮ್ಮ ಜೊತೆ ಕೂತ. ಘಾಟಿನ ಕಾಡು ದಾಟಿತು. ಆಮೇಲೆ ಅವನು ಪಿಸುದನಿಯಲ್ಲಿ, ಪಿಸುದನಿ ಬಿಟ್ಟು ಬೇರೆ ದನಿ ಅವನಲ್ಲಿ ಉಳಿದಿರಲಿಲ್ಲ, ಕೇಳಿದ.

“ಮಾಸ್ತರ್, ಪಾಂಢ್ರಿ ಮೂರೇ ಹಿಡದಿದ್ರಲ್ಲಾ?”

ಮಾಸ್ತರರು ಪೇಟಿಯ ಮುಚ್ಚಳ ಸವರಿದರು. ಢೋಲಕ್‌ನವನು ಟಂಟಂ ನಿಲ್ಲಿಸಿ ಹಿಂದಕ್ಕೆ ತಿರುಗಿದ.

“ಹೇಳ್ರಿ ಮಾಸ್ತರ್. ಇನ್ನಾ ಯಾಕ ಮುಚ್ಚಿಡ್ತೀರಿ? ನಾನೂ ಢೋಲಕಿನ ಹಗ್ಗ ಸಡ್ಲ ಮಾಡ್ಕೋತ ಬಂದೀನಿ, ನನಗ ಮಾಲೂಮಿಲ್ಲೇನು? ನಾ ಏನ್ ತಿಳ್ಕೊಂಡಿದ್ದೆ ಅಂದ್ರ, ನೀವು ಮೂರೂ ಮಂದಿ ಮಾತಾಡ್ಕೊಂಡೇ ಇಳಸ್ಲಿಕತ್ತೀರಿ ಅಂತ.”

“ನಾ ಥಂಡಿ ಅಂದ್ಕೊಂಡೆ,” ಎಂದರು ಮಾಸ್ತರರು. “ನಾಕ್ ದಿನಾ ಅಂದ್ಕೊಂಡೆ. ಆಮ್ಯಾಲ ಹ್ಯಾಂಗ್ ಹೇಳಬೇಕು ತಿಳೀಲಿಲ್ಲ.”

ಮಾಮಾ ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಆಗಲಿಲ್ಲ. ಗಂಟಲಿನ ಮೇಲೆ ಕೈ ಇಟ್ಟುಕೊಂಡು, ಒಂದೊಂದು ಮಾತಿಗೂ ಉಸಿರು ಎಳೆಯುತ್ತ ಹೇಳಿದ.

“ಗಂಟಲಾ ಎಳೀತಿತ್ತು. ದವಾಖಾನಿಗಿ ಹೋಗಬೇಕು ಅಂತ ಎಷ್ಟೋ ಸಲ ಅನಿಸ್ತು. ಆದ್ರ ನಿಮ್ಮ ಬಟ್ಟು ನೋಡ್ತಿದ್ದೆ ಮಾಸ್ತರ್. ಬಟ್ಟು ಅಲ್ಲೇ ಅದಾವ, ಅಂದ್ಮ್ಯಾಲ ಆವಾಜ್ ಅಲ್ಲೇ ಅದ. ದಣಿವಿರಬೇಕು ಅಂತ ಧೈರ್ಯ ತಗೊಂಡೆ.”

ಢೋಲಕ್‌ನವನು ಮತ್ತೆ ಗಾಡಿ ಶುರು ಮಾಡಿದ. ಚಿತ್ತಾಪುರ ದಾಟುವವರೆಗೂ ಮಾಮಾನ ಭುಜ ನನ್ನ ಭುಜಕ್ಕೆ ತಾಗಿಕೊಂಡೇ ಇತ್ತು. ರಸ್ತೆ ಹಾಗಿತ್ತು, ಸರಿದು ಕೂರಲು ಜಾಗವಿರಲಿಲ್ಲ.

ಮೂರನೆಯ ದಿನ ಅವನನ್ನು ಕಲಬುರಗಿಯ ಒಂದು ದವಾಖಾನೆಗೆ ಕರೆದುಕೊಂಡು ಹೋದೆವು, ಅತ್ತಿ ಮತ್ತು ನಾನು. ಡಾಕ್ಟರರು ಕೇಳುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು. ಹಿಂದಿನ ದಿನವೆಲ್ಲ ಫೋನಿನಲ್ಲಿ ಹುಡುಕಿದ್ದೆ. ವಾಡಿಯ ಗೃಹಪ್ರವೇಶದ ಒಂದು ವಿಡಿಯೊ ಸಿಕ್ಕಿತು. ಕೇಪೊ ಮೂರನೇ ಮನೆಯಲ್ಲಿದೆ, ಅದೊಂದು ಖರೆ. ಆದರೆ ಅದರ ಮೇಲಿದ್ದದ್ದು ಯಾರೋ ಅದನ್ನು ಗುಂಪಿಗೆ ಕಳಿಸಿದ ದಿನಾಂಕ. ಹಾಡಿದ್ದು ಯಾವಾಗ ಎಂದು ಅದು ಹೇಳುವುದಿಲ್ಲ. ಆ ಮನೆಯವರಿಗೆ ಫೋನು ಮಾಡಿ ಗೃಹಪ್ರವೇಶ ಯಾವ ತಿಂಗಳು ಎಂದು ಕೇಳಿದರೆ, ಯಜಮಾನ ಒಂದು ತಿಂಗಳು ಹೇಳಿದ, ಒಳಗಿನಿಂದ ಹೆಂಡತಿ ಇನ್ನೊಂದು ಕೂಗಿದಳು. ಕಾರ್ಡು ಹುಡುಕಿ ಹೇಳುತ್ತೇವೆ ಎಂದರು. ಇನ್ನೂ ಹೇಳಿಲ್ಲ.

ಡಾಕ್ಟರರು ಮೂಗಿನಿಂದ ಸಣ್ಣ ನಳಿಕೆ ಇಳಿಸಿ ನೋಡಿದರು. ಪರದೆಯ ಮೇಲೆ ಕೆಂಪಗೆ ಏನೋ ತೇವವಾಗಿ ಅಲುಗುತ್ತಿತ್ತು. ಅದರ ಒಂದು ಬದಿ ಅಲುಗುತ್ತಿರಲಿಲ್ಲ.

“ಒಂದ್ ಗಂಟಿನಂಥಾದ್ದು ಕಾಣ್ಲಿಕತ್ತದ. ಚೂರು ತಗದು ತಪಾಸಿಗಿ ಕಳಸ್ಬೇಕು. ಏನಂತ ಈಗೇ ಹೇಳಲಿಕ್ಕೆ ಬರಲ್ಲ,” ಎಂದು ಕಾಗದ ಎಳೆದುಕೊಂಡರು. “ಆವಾಜ್ ಯಾವಾಗಿಂದ ಹೀಂಗಾಗ್ಯಾದ?”

“ಒಂದ್ ತಿಂಗಳ,” ಎಂದು ಮಾಮಾ ಪಿಸುಗುಟ್ಟಿದ.

“ದೀಪಾವಳಿಯಿಂದ್ರಿ,” ಎಂದಳು ಅತ್ತಿ. “ಮನ್ಯಾಗ ಮಾತು ಬಿಟ್ಟಿದ್ದೇ ಅವಾಗ.”

ಡಾಕ್ಟರರು ಪೆನ್ನು ಎತ್ತಿಕೊಂಡು ಇಬ್ಬರನ್ನೂ ನೋಡಿದರು. “ಹಂಗಲ್ಲ, ಸರಿಯಾಗಿ ಹೇಳ್ರಿ. ಆರು ತಿಂಗಳೋ, ವರ್ಷೋ? ಎಷ್ಟು ಜಲ್ದಿ ಬೆಳದದ ಅನ್ನೋದು ತಿಳೀಬೇಕು.”

ಮಾಮಾ ನನ್ನ ಕಡೆ ಕೈ ತೋರಿಸಿದ. “ನಮ್ಮ ಅಳಿಯಾಗ ಕೇಳ್ರಿ ಸಾಹೇಬ್ರ. ಅಂವ ಲೆಕ್ಕದಾಗ ಓದ್ಯಾನ. ಅಂವಗ ಮಾಲೂಮ್ ಅದ.”

ಅತ್ತಿ ತಿರುಗಿ ನನ್ನನ್ನು ನೋಡಿದಳು. ಸ್ಟೇಜಿನ ಮೇಲೆ ಸುರ ಬಿಟ್ಟಿಲ್ಲ ಎಂದವನಿಗೆ ಏನು ಮಾಲೂಮಿದೆ ಎಂದು ಅವಳಿಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ನಾನು ಮನಸ್ಸಿನಲ್ಲಿ ಊರುಗಳನ್ನು ಮತ್ತೆ ಜೋಡಿಸತೊಡಗಿದೆ. ವಾಡಿ, ಸೇಡಂ, ಚಿತ್ತಾಪುರ, ಶಹಾಬಾದ್. ಸೇಡಂ ಮೊದಲಾದರೆ ಒಂದು ಸಂಖ್ಯೆ, ವಾಡಿ ಮೊದಲಾದರೆ ಇನ್ನೊಂದು. ಡಾಕ್ಟರರ ಬಾಗಿಲಿನಲ್ಲಿ ಮುಂದಿನ ರೋಗಿ ಆಗಲೇ ಇಣುಕುತ್ತಿದ್ದ. ಗೊತ್ತಿಲ್ಲ ಎನ್ನಬಹುದಿತ್ತು. ಅದೇ ಸರಿಯಾದ ಉತ್ತರವಾಗಿತ್ತು.

“ಹದಿನಾಲ್ಕು ತಿಂಗಳು,” ಎಂದೆ.

ಡಾಕ್ಟರರು ತಲೆ ಎತ್ತಿದರು. “ಹದಿನಾಲ್ಕು? ಅಷ್ಟು ದಿನಾ ಯಾಕ್ ಸುಮ್ಮ ಕುಂತೀರಿ?”

ನಾನು ಬಾಯಿ ತೆರೆಯುವ ಮೊದಲೇ ಮಾಮಾ, “ಪ್ರೋಗ್ರಾಮ್ ಇದ್ವು ಸಾಹೇಬ್ರ,” ಎಂದ. ಅವರು ನಾನು ಹೇಳಿದ ಸಂಖ್ಯೆಯನ್ನು ಬರೆದು, ಅಡಿಯಲ್ಲಿ ಗೆರೆ ಎಳೆದು, ಕಾಗದ ಅತ್ತಿಯ ಕೈಗೆ ಕೊಟ್ಟರು.

ಹೊರಗೆ ಬಂದಾಗ ಅತ್ತಿ ನನ್ನ ಮುಖ ನೋಡದೆ ಚೀಟಿ ಹಿಡಿದು ಕೌಂಟರಿನ ಸಾಲಿಗೆ ಹೋದಳು. ಮಾಮಾ ಮತ್ತು ನಾನು ಬೆಂಚಿನ ಮೇಲೆ ಕೂತೆವು.

“ಖರೇ ಹದಿನಾಲ್ಕಾ ಅಳಿಯಾ?” ಎಂದು ಅವನು ಪಿಸುದನಿಯಲ್ಲಿ ಕೇಳಿದ.

“ಗೊತ್ತಿಲ್ಲ ಮಾಮಾ. ಹತ್ತೂ ಇರಬಹುದು.”

“ಹತ್ತ್ ಅಂದ್ರ ಚಲೋನೋ, ಹದಿನಾಲ್ಕ್ ಅಂದ್ರ ಚಲೋನೋ?”

“ಅದೂ ಗೊತ್ತಿಲ್ಲ.”

ಅವನು ಮಾತು ಸಾಕೆಂಬಂತೆ ಕೈ ಅಲ್ಲಾಡಿಸಿ, ಸಾಲಿನಲ್ಲಿ ನಿಂತ ಅತ್ತಿಯ ಕಡೆ ಹೋಗು ಎಂದು ಬೆರಳು ತೋರಿಸಿದ. ನಾನು ಎದ್ದು ಹೋಗಿ ಅವಳ ಹಿಂದೆ ನಿಂತೆ. ಅವಳು ತಿರುಗಲಿಲ್ಲ. ಸಾಲು ಮುಂದೆ ಸರಿದಾಗ ಅವಳ ಜೊತೆ ನಾನೂ ಒಂದು ಹೆಜ್ಜೆ ಸರಿದೆ.